ಚಾಳಿನೊಳಗೆ ಏರ್‌ಗನ್ ಬೇಡ

ಚೆಂಬೂರಿನ ಚಾಳುಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರಿಗೆ ಮಳೆಗಾಲದ ಇಲಿಕಾಟ ಹೊಸತಲ್ಲ. ಊರಿನ ತೋಟದ ಅಭ್ಯಾಸದಿಂದ ಕೆಲವರು ಇಲ್ಲಿಯೂ ಏರ್‌ಗನ್ ಕೊಳ್ಳುವ ಮಾತಾಡುತ್ತಾರೆ. 4.5 ಮಿ.ಮೀ. ಹಾಗೂ 20 ಜೂಲ್ ಮೀರದ ಏರ್‌ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಗಿ ಬೇಕಿಲ್ಲ, ನಿಜ. ಆದರೆ ಗುರಿ ತಪ್ಪಿದ ಸೀಸದ ಗುಂಡು ಹತ್ತಡಿ ಕೋಣೆಯ ಗೋಡೆಗೆ ತಾಗಿ ಎತ್ತ ಸಿಡಿದೀತು? ಮಗುವಿನ ಕಣ್ಣು ಹೋಗಲು ಅಷ್ಟು ಸಾಕು.

ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಹರಡುವುದನ್ನು 2005ರ ಜುಲೈ 26ರ ಮಹಾಮಳೆಯ ಬಳಿಕ ಮುಂಬಯಿ ಕಂಡಿದೆ. ಒಂದೆರಡು ಇಲಿ ಹೊಡೆದರೆ ಅದು ನಿಲ್ಲದು. ಎಂಜಲಿನ ಡಬ್ಬಕ್ಕೆ ಮುಚ್ಚಳವಿರಲಿ, ಮೋರಿಯ ಬಿಲಕ್ಕೆ ಸಿಮೆಂಟು ಬೀಳಲಿ, ಬೋನು ಇಡಿ. ಗಣೇಶೋತ್ಸವಕ್ಕೆ ವಂತಿಗೆ ಎತ್ತುವ ಚಾಳು ಒಂದು ಅರ್ಜಿಗೆ ಸಹಿ ಹಾಕಲು ಹಿಂಜರಿಯುವುದೇಕೆ? ಮಹಾನಗರ ಪಾಲಿಕೆಯ ಕೀಟನಾಶಕ ವಿಭಾಗಕ್ಕೆ ದೂರು ಕೊಡಿ. ರಾತ್ರಿ ದೊಣ್ಣೆ, ಟಾರ್ಚ್ ಹಿಡಿದು ಇಲಿ ಹಿಡಿಯುವವರು ಅಲ್ಲಿದ್ದಾರೆ.