ನಡುಗೋಡೆಯ ಕಿಂಡಿ

ಒಂದೇ ವಠಾರದಲ್ಲಿ ಗೋಡೆಗೆ ಗೋಡೆ ತಾಗಿದ ಎರಡು ಮನೆಗಳು. ಈ ಮನೆಯ ಗೃಹಿಣಿ ಆ ಮನೆಯಿಂದ ಒಂದು ಬಟ್ಟಲು ಸಕ್ಕರೆ ತರಿಸಬೇಕಾದಾಗ ಕಾಗದ ಬರೆದು, ಲಕೋಟೆಯಲ್ಲಿಟ್ಟು, ವಿಳಾಸ ಬರೆದು, ಅಂಚೆಪೆಟ್ಟಿಗೆಗೆ ಹಾಕಿ ಬರುತ್ತಾಳೆಂದು ಭಾವಿಸಿಕೊಳ್ಳಿ. ಕೇಳಿದವರು ನಗದಿರಲಾರರು. ಆದರೆ ಕ್ಷಣಾರ್ಧದಲ್ಲಿ ಕೋಟಿ ಲೆಕ್ಕಗಳನ್ನು ಬಿಡಿಸಬಲ್ಲ ಗಣಕಯಂತ್ರಗಳ ಒಳಗೆ ನಿತ್ಯವೂ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ ವ್ಯವಹಾರವೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಬ್ಯಾಂಕಿನ ಲೆಕ್ಕವಾಗಲಿ, ರೈಲಿನ ಟಿಕೆಟ್ಟಾಗಲಿ, ಮಕ್ಕಳ ಪರೀಕ್ಷೆಯ ಫಲಿತಾಂಶವಾಗಲಿ, ಇಂದು ನಮ್ಮ ಕೈಗೆ ಬರುವುದು ಎಲ್ಲೋ ದೂರದಲ್ಲಿರುವ ದೊಡ್ಡ ಗಣಕಯಂತ್ರಗಳಿಂದ. ಇಂಥ ಒಂದು ಯಂತ್ರದೊಳಗೆ ಅನೇಕ ವೇಳೆ ಹತ್ತಾರು 'ವರ್ಚುವಲ್ ಮೆಷಿನ್'ಗಳು, ಎಂದರೆ ಕಲ್ಪಿತ ಯಂತ್ರಗಳು, ಸಂಸಾರ ಹೂಡಿರುತ್ತವೆ. ಪ್ರತಿಯೊಂದೂ ಇಡೀ ಯಂತ್ರ ತನ್ನೊಬ್ಬನದೇ ಎಂದು ನಂಬಿಕೊಂಡಿರುತ್ತದೆ. ಆ ನಂಬಿಕೆಯನ್ನು ಕಾಪಾಡುತ್ತ, ಪ್ರತಿಯೊಂದಕ್ಕೂ ಅದರ ಪಾಲಿನ ಸ್ಮೃತಿಯನ್ನು ಅಳೆದು ಕೊಟ್ಟು, ಒಂದರ ಮನೆಗೆ ಇನ್ನೊಂದು ಕಾಲಿಡದಂತೆ ನೋಡಿಕೊಳ್ಳುವ ತಂತ್ರಾಂಶಕ್ಕೆ 'ಹೈಪರ್‌ವೈಸರ್' ಎಂದು ಹೆಸರು. ವಠಾರದ ಯಜಮಾನನೆಂದರೆ ಇವನೇ.

ಈ ಏರ್ಪಾಡು ತೀರ ಹೊಸದೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ಊರಿನಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ವಿಜ್ಞಾನ ಕೇಂದ್ರದಲ್ಲಿ ಸಿ.ಪಿ.-40 ಎಂಬ ವ್ಯವಸ್ಥೆ 1967ರಲ್ಲಿ ಬಳಕೆಗೆ ಬಂದಿತು. 1972ರಲ್ಲಿ ಅದರ ವಂಶದ ವಿ.ಎಂ./370 ಎಂಬುದನ್ನು ಸಂಸ್ಥೆ ಸಾರ್ವಜನಿಕವಾಗಿ ಪ್ರಕಟಿಸಿತು. ಅನಂತರ 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು 'ಜೆನ್' ಎಂಬ ಹೈಪರ್‌ವೈಸರನ್ನು ಲೋಕಕ್ಕೆ ಪರಿಚಯಿಸಿದರು. ಎರಡು ಖಂಡಗಳ ಈ ಎರಡೂ ಊರುಗಳಿಗೆ ಒಂದೇ ಹೆಸರಿರುವುದು ಕಾಕತಾಳೀಯವಲ್ಲ; ಅಮೆರಿಕದ ಊರಿಗೆ ಇಂಗ್ಲೆಂಡಿನ ಕೇಂಬ್ರಿಜ್‌ನ ಹೆಸರನ್ನೇ ಇಟ್ಟದ್ದು.

ಇನ್ನು ಅಂಚೆಯ ವಿಷಯ. ಒಂದು ಕಲ್ಪಿತ ಯಂತ್ರ ತನ್ನ ನೆರೆಯದಕ್ಕೆ ಏನನ್ನಾದರೂ ತಿಳಿಸಬೇಕಾದರೆ ಸಾಮಾನ್ಯವಾಗಿ ಅನುಸರಿಸುವುದು ಜಾಲದ ಮಾರ್ಗವನ್ನು. ಸಂದೇಶವನ್ನು ತುಂಡುತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸವನ್ನು ಅಂಟಿಸಿ, ಇಲ್ಲದ ಜಾಲಫಲಕವೊಂದನ್ನು ಇದೆಯೆಂದು ನಂಬಿ ಅದಕ್ಕೆ ಒಪ್ಪಿಸುತ್ತದೆ. ಯಜಮಾನ ಕೈಕೆಲಸ ಬಿಟ್ಟು ಬಂದು ಅದನ್ನು ಪಡೆದು, ವಿಳಾಸ ನೋಡಿ, ಪಕ್ಕದ ಮನೆಯ ಸ್ಮೃತಿಗೆ ನಕಲು ಮಾಡಿ, ಬಾಗಿಲು ತಟ್ಟುತ್ತಾನೆ. ಪಡೆದವರು ತುಂಡುಗಳನ್ನು ಮತ್ತೆ ಜೋಡಿಸಿ ಓದುತ್ತಾರೆ. ಕಳುಹಿಸಿದವರೂ ಪಡೆದವರೂ ಒಂದೇ ಸ್ಮೃತಿಫಲಕದ ಮೇಲೆ ಬೆರಳಗಲದ ಅಂತರದಲ್ಲಿ ಇರಬಹುದು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರೆಂಬ ನಾಣ್ನುಡಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಇದಕ್ಕೆ ಪರಿಹಾರವೆಂದರೆ ನಡುಗೋಡೆಯಲ್ಲಿ ಒಂದು ಕಿಂಡಿ. ಗಣಕಯಂತ್ರದ ಸ್ಮೃತಿಯನ್ನು ಸಾಮಾನ್ಯವಾಗಿ 4096 ಬೈಟುಗಳ 'ಪುಟ'ಗಳಾಗಿ ವಿಂಗಡಿಸಿರುತ್ತಾರೆ. ಯಾವ ಪುಟ ಯಾರದೆಂಬ ಪಟ್ಟಿ ಯಜಮಾನನ ಬಳಿ ಇರುತ್ತದೆ. ಒಂದೇ ಪುಟವನ್ನು ಇಬ್ಬರ ಪಟ್ಟಿಯಲ್ಲಿಯೂ ಆತ ಬರೆದುಬಿಟ್ಟರೆ ತೀರಿತು; ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇದ್ದಲ್ಲಿಯೇ ಓದಬಲ್ಲರು. ನಡುವೆ ನಕಲಿಲ್ಲ, ಲಕೋಟೆಯಿಲ್ಲ. 'ಬರೆದಿದ್ದೇನೆ, ನೋಡು' ಎಂದು ಸೂಚಿಸುವ ಒಂದು ಗಂಟೆಯಿದ್ದರೆ ಸಾಕು. ಪುಟವನ್ನು ಬಳೆಯಂತೆ ಸುತ್ತಿಬರುವ ಸಾಲಾಗಿ ಬಳಸುವುದು ರೂಢಿ: ಒಬ್ಬರು ಮುಂದಿನ ಖಾಲಿ ಮನೆಯಲ್ಲಿ ಬರೆಯುತ್ತ ಹೋಗುತ್ತಾರೆ, ಇನ್ನೊಬ್ಬರು ಓದಿ ತೆರವು ಮಾಡುತ್ತ ಹಿಂಬಾಲಿಸುತ್ತಾರೆ.

ಜೆನ್ ವ್ಯವಸ್ಥೆಯಲ್ಲಿ ಇದಕ್ಕೊಂದು ಅನುಮತಿಪತ್ರದ ಕ್ರಮವುಂಟು. ಪುಟದ ಒಡೆಯನೇ ಯಾವ ನೆರೆಯವನಿಗೆ ಯಾವ ಪುಟ, ಓದಲು ಮಾತ್ರವೋ ಬರೆಯಲೂ ಸರಿಯೋ ಎಂಬುದನ್ನು ನಮೂದಿಸಿಡುತ್ತಾನೆ. ಕ್ಯೂಎಮು ಎಂಬ ತಂತ್ರಾಂಶಕ್ಕೆ 2010ರಲ್ಲಿ ಸೇರಿದ 'ಐವಿಎಸ್‌ಎಚ್‌ಮೆಮ್' ಎಂಬ ಸಾಧನ, ಹಲವು ಕಲ್ಪಿತ ಯಂತ್ರಗಳ ಮುಂದೆ ಒಂದೇ ಸ್ಮೃತಿಭಾಗವನ್ನು ಹಂಚಿದ ಜಗಲಿಯಂತೆ ತೆರೆದಿಡುತ್ತದೆ.

ಇಷ್ಟು ಸುಲಭವಾದ ಉಪಾಯವಿದ್ದೂ ಎಲ್ಲರೂ ಗೋಡೆಗೆ ಕಿಂಡಿ ಕೊರೆಯಲಿಲ್ಲವೇಕೆ? ಗೋಡೆ ಕಟ್ಟಿದವನು ಮೂರ್ಖನಲ್ಲ ಎಂಬುದೇ ಅದಕ್ಕೆ ಉತ್ತರ. ನಕಲು ಮಾಡುವುದರಲ್ಲಿ ಕಾಲ ವ್ಯರ್ಥವಾಗುತ್ತದೆ, ನಿಜ. ಆದರೆ ಕೈಗೆ ಬಂದ ಕಾಗದವನ್ನು ಬರೆದವರು ಆಮೇಲೆ ತಿದ್ದಲಾರರು. ಹಂಚಿಕೊಂಡ ಹಲಗೆಯ ಮೇಲಿನ ಬರಹವಾದರೋ ಹಾಗಲ್ಲ. 'ಹತ್ತು ರೂಪಾಯಿ' ಎಂದಿದ್ದುದನ್ನು ಪರೀಕ್ಷಿಸಿ ಒಪ್ಪಿ, ಹಣ ಎಣಿಸಲು ಮತ್ತೊಮ್ಮೆ ನೋಡುವಷ್ಟರಲ್ಲಿ ಅದು 'ನೂರು ರೂಪಾಯಿ' ಆಗಿರಬಹುದು. ಇಂಥದೇ ದೋಷ ಜೆನ್ ವ್ಯವಸ್ಥೆಯ ಚಾಲಕ ತಂತ್ರಾಂಶಗಳಲ್ಲಿ ಇದ್ದುದು 2015ರ ಡಿಸೆಂಬರಿನಲ್ಲಿ ಬಹಿರಂಗವಾಯಿತು. ಅದಕ್ಕೆ ಮದ್ದು: ಹಲಗೆಯ ಮೇಲಿನದನ್ನು ಮೊದಲು ತನ್ನ ಸ್ವಂತ ಪುಟಕ್ಕೆ ಬರೆದುಕೊಂಡು, ಆ ಬಳಿಕ ಪರೀಕ್ಷಿಸುವುದು. ಬೇಡವೆಂದು ಹೊರಗೆ ಹಾಕಿದ ನಕಲು ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು!

ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮ. ಸ್ಥಳವನ್ನು ಉಳಿಸಲೆಂದು, ಬೇರೆ ಬೇರೆ ಕಲ್ಪಿತ ಯಂತ್ರಗಳಲ್ಲಿರುವ ತದ್ರೂಪಿ ಪುಟಗಳನ್ನು ಹುಡುಕಿ, ಒಂದನ್ನೇ ಉಳಿಸಿ ಎಲ್ಲರಿಗೂ ತೋರಿಸುವ ಪದ್ಧತಿಯನ್ನು ವಿಎಂವೇರ್ ಸಂಸ್ಥೆಯ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ವಿವರಿಸಿದ್ದರು. ಇಲ್ಲಿ ಓದಲಷ್ಟೇ ಅವಕಾಶ. ಯಾರಾದರೂ ಬರೆಯಹೋದರೆ ಅವರಿಗೆ ಪ್ರತ್ಯೇಕ ಪ್ರತಿ ಸಿಕ್ಕಿಬಿಡುತ್ತದೆ. ಅಪಾಯವೆಲ್ಲಿ? 2014ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾನಿಲಯದ ಯೂವಲ್ ಯಾರೊಮ್ ಮತ್ತು ಕತ್ರೀನಾ ಫಾಕ್ನರ್ ಅದನ್ನು ತೋರಿಸಿಕೊಟ್ಟರು. ಹಂಚಿಕೊಂಡ ಪುಟದ ಒಂದು ಸಾಲನ್ನು ಸಂಸ್ಕಾರಕದ ಹತ್ತಿರದ ಉಗ್ರಾಣದಿಂದ ಹೊರದೂಡಿ, ಸ್ವಲ್ಪ ತಡೆದು, ಅದನ್ನೇ ಮತ್ತೆ ಓದಬೇಕು. ಬೇಗನೆ ದೊರೆತರೆ ನಡುವೆ ನೆರೆಯವರು ಅದನ್ನು ಮುಟ್ಟಿದ್ದಾರೆಂದು ಅರ್ಥ. ಹೀಗೆ ಕಾಲವನ್ನಷ್ಟೇ ಅಳೆಯುತ್ತ ನೆರೆಯ ಯಂತ್ರದ ಗುಪ್ತಲಿಪಿಯ ಬೀಗದ ಕೈಯನ್ನೇ ಊಹಿಸಿಬಿಡಬಹುದು. ಗೋಡೆಗೂ ಕಿವಿಯುಂಟೆಂಬ ಹಿರಿಯರ ಮಾತು ಅಕ್ಷರಶಃ ನಿಜವಾಯಿತು. ಅದೇ ವರ್ಷ ವಿಎಂವೇರ್ ಸಂಸ್ಥೆ, ಯಂತ್ರದಿಂದ ಯಂತ್ರಕ್ಕೆ ಪುಟಗಳನ್ನು ತಾನೇ ತಾನಾಗಿ ಹಂಚುವ ಪದ್ಧತಿಯನ್ನು ನಿಲ್ಲಿಸಿ, ಬೇಕಾದವರು ಮಾತ್ರ ಆರಿಸಿಕೊಳ್ಳುವಂತೆ ಮಾಡಿತು.

ಮತ್ತೊಂದು ತೊಡಕೂ ಉಂಟು. ಕಲ್ಪಿತ ಯಂತ್ರವೊಂದನ್ನು ಅದರ ಕೆಲಸ ನಿಲ್ಲದಂತೆಯೇ ಬೇರೊಂದು ಲೋಹಯಂತ್ರಕ್ಕೆ ಸಾಗಿಸುವ ಸೌಕರ್ಯ ಈಗ ಇದೆ. ಆದರೆ ಕಿಂಡಿಯನ್ನು ಮನೆಯೊಡನೆ ಹೊತ್ತೊಯ್ಯುವುದು ಸಾಧ್ಯವೆ? ನೆರೆಯವರೊಡನೆ ಪುಟವನ್ನು ಹಂಚಿಕೊಂಡವರು ಅವರ ಪಕ್ಕದಲ್ಲಿಯೇ ಇರಬೇಕಾಗುತ್ತದೆ, ಇಲ್ಲವೇ ಮತ್ತೆ ಅಂಚೆಯನ್ನೇ ಆಶ್ರಯಿಸಬೇಕಾಗುತ್ತದೆ.

ಹಾಗಾದರೆ ಕಿಂಡಿ ಬೇಡವೆ? ಬೇಕು. ಒಂದೇ ಒಡೆತನದ, ಒಂದೇ ಕೆಲಸದಲ್ಲಿ ತೊಡಗಿದ ಯಂತ್ರಗಳ ನಡುವೆ, ರಾಶಿ ರಾಶಿ ಮಾಹಿತಿ ಹರಿಯಬೇಕಾದಲ್ಲಿ ಅದು ಸಮಯವನ್ನೂ ವಿದ್ಯುತ್ತನ್ನೂ ಉಳಿಸುತ್ತದೆ. ಗುರುತಿಲ್ಲದ ಬಾಡಿಗೆದಾರರು ಒಂದೇ ಸೂರಿನಡಿ ಇರುವಲ್ಲಿ ಮಾತ್ರ ಅಂಚೆಯ ನಿಧಾನವೇ ಕ್ಷೇಮಕರ. ಯಾವ ಪುಟ, ಯಾರಿಗೆ, ಓದಲೋ ಬರೆಯಲೋ, ಎಷ್ಟು ಕಾಲ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ನಿಶ್ಚಯಿಸಿಕೊಂಡ ಮೇಲೆಯೇ ಗೋಡೆಗೆ ಉಳಿ ಇಡಬೇಕು. ನಮ್ಮ ಉಳಿತಾಯದ ಲೆಕ್ಕವೂ ಆರೋಗ್ಯದ ವಿವರವೂ ಇಂದು ಇಂಥ ಗೋಡೆಗಳ ಹಿಂದೆಯೇ ಇರುವುದರಿಂದ, ಇದು ಯಂತ್ರಜ್ಞರೊಬ್ಬರ ಚಿಂತೆಯಾಗಿ ಉಳಿದಿಲ್ಲ. ಮನೆಮನೆಯವರೂ ತಿಳಿದಿರಬೇಕಾದ ಸಂಗತಿಯಾಗಿದೆ.