ಅರ್ಜಿಯಲ್ಲಿ ಮೂರು ಚೌಕ, ಹಾಸ್ಟೆಲಿಗೆ ಎರಡೇ ಬಾಗಿಲು

ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ‘ಗಂಡು’, ‘ಹೆಣ್ಣು’ ಎಂಬ ಎರಡು ಚೌಕಗಳ ಪಕ್ಕ ಮೂರನೆಯದೊಂದು ಬಂದು ಹತ್ತು ವರ್ಷ ದಾಟಿದೆ. ದಿಲ್ಲಿ ವಿಶ್ವವಿದ್ಯಾಲಯ 2014ರಲ್ಲೇ ಸ್ನಾತಕೋತ್ತರ ಅರ್ಜಿಗಳಲ್ಲಿ ಅದನ್ನು ತಂದಿತು. ಆಮೇಲೆ ಒಂದೊಂದಾಗಿ ಉಳಿದ ವಿಶ್ವವಿದ್ಯಾಲಯಗಳೂ ತಂದವು. ಕೆಲವೆಡೆ ಅದರ ಹೆಸರು ‘ಟ್ರಾನ್ಸ್‌ಜೆಂಡರ್’, ಕೆಲವೆಡೆ ಬರೀ ‘ಇತರೆ’. ಆ ಚೌಕದಲ್ಲಿ ಗುರುತು ಹಾಕಿದ ವಿದ್ಯಾರ್ಥಿ ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಅರ್ಜಿ ಹೇಳುವುದಿಲ್ಲ. ಹಾಸ್ಟೆಲಿನ ಅರ್ಜಿ ಬೇರೆ, ಅದರಲ್ಲಿ ಎರಡೇ ಚೌಕ. ಶೌಚಾಲಯಕ್ಕೂ ಎರಡೇ ಬಾಗಿಲು. ಹಾಜರಿ ಪುಸ್ತಕದಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಇಳಿಸಿಕೊಂಡ ಅದೇ ಹಳೆಯ ಹೆಸರು.

ಈ ಚೌಕದಿಂದ ವಿಶ್ವವಿದ್ಯಾಲಯಕ್ಕೆ ಲಾಭವಿದೆ. ವಾರ್ಷಿಕ ವರದಿಗೆ ಒಂದು ಸಾಲು ಸಿಗುತ್ತದೆ, ನ್ಯಾಕ್ ತಂಡ ಬಂದಾಗ ತೋರಿಸಲು ಒಂದು ಕಡತ ಸಿಗುತ್ತದೆ. ವಿದ್ಯಾರ್ಥಿಗೆ ಸಿಗುವುದು ಬಯಲಾದ ಗುಟ್ಟು. ಹದಿನೆಂಟರ ವಯಸ್ಸಿನಲ್ಲಿ, ಮನೆಯವರಿಗೂ ಹೇಳದ ಮಾತನ್ನು ಕಚೇರಿಯ ಕಾಗದಕ್ಕೆ ಹೇಳಿ, ಬದಲಿಗೆ ಒಂದು ಕೋಣೆಯಾಗಲಿ, ಒಂದು ಹೆಸರಾಗಲಿ, ಹೊಣೆ ಹೊರುವ ಒಬ್ಬ ಅಧಿಕಾರಿಯಾಗಲಿ ಸಿಗದಿದ್ದರೆ ಆ ಚೌಕವನ್ನು ಮುಟ್ಟದಿರುವುದೇ ಜಾಣತನ. ಹಾಗಾಗಿ ಅನೇಕರು ಮುಟ್ಟುವುದಿಲ್ಲ. ಆಗ ಕಚೇರಿ ಹೇಳುತ್ತದೆ: ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ.’ ಯಾರೂ ಇಲ್ಲದ್ದರಿಂದ ಏನೂ ಮಾಡುವುದಿಲ್ಲ, ಏನೂ ಮಾಡದ್ದರಿಂದ ಯಾರೂ ಕಾಣಿಸುವುದಿಲ್ಲ. ಈ ಗಾಣ ಹತ್ತು ವರ್ಷದಿಂದ ಸುತ್ತುತ್ತಿದೆ.

ಕಾನೂನಿನ ಕೊರತೆಯಿಂದ ಹೀಗಾಗಿದೆ ಎನ್ನುವಂತಿಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು; ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ಕೊಡಿ ಎಂದಿತು. 2016ರಲ್ಲಿ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಗಳನ್ನು ತಿದ್ದಿ, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ, ಲೈಂಗಿಕ ಒಲವಿನ ಕಾರಣಕ್ಕೆ ಹಿಂಸಿಸುವುದನ್ನೂ ರ‍್ಯಾಗಿಂಗ್ ಎಂದೇ ಸೇರಿಸಿತು. 2019ರಲ್ಲಿ ಸಂಸತ್ತು ಮಾಡಿದ ಕಾಯ್ದೆ ತಾರತಮ್ಯವಿಲ್ಲದ ಶಿಕ್ಷಣ ಕೊಡುವುದು ಸಂಸ್ಥೆಗಳ ಕರ್ತವ್ಯವೆಂದಿತು, ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕೆಂದಿತು. ಆ ಕಾಯ್ದೆಯಲ್ಲಿ ದೋಷಗಳಿದ್ದವು, ಸಮುದಾಯದವರೇ ಬೀದಿಗಿಳಿದು ಅದನ್ನು ವಿರೋಧಿಸಿದರು. ಆದರೂ ದೂರು ಅಧಿಕಾರಿಯ ಹೆಸರನ್ನು ನೋಟಿಸ್ ಬೋರ್ಡಿಗೆ ಅಂಟಿಸಲು ಯಾವ ದೋಷವೂ ಅಡ್ಡ ಬರುವುದಿಲ್ಲ.

ಮೊದಲು ಹೆಸರಿನ ಮಾತು. ಅದು ಎಲ್ಲಕ್ಕಿಂತ ಅಗ್ಗದ ಕೆಲಸ, ಆದರೆ ಕಚೇರಿಗಳು ಅತಿ ಹೆಚ್ಚು ಹಟ ಹಿಡಿಯುವುದು ಅಲ್ಲೇ. ‘ಜಿಲ್ಲಾಧಿಕಾರಿಯ ಪ್ರಮಾಣಪತ್ರ ತನ್ನಿ, ಆಮೇಲೆ ನೋಡೋಣ.’ 2020ರ ನಿಯಮಗಳ ಪ್ರಕಾರ, ಆ ಪತ್ರ ತಂದವರ ದಾಖಲೆಗಳನ್ನು ಹದಿನೈದು ದಿನಗಳಲ್ಲಿ ತಿದ್ದಿಕೊಡಬೇಕಿತ್ತು. ಶಾಲಾ ಕಾಲೇಜಿನ ಪ್ರಮಾಣಪತ್ರಗಳೂ ಅದರಲ್ಲಿ ಸೇರಿದ್ದವು. ಸರಿ, ಪದವಿ ಪ್ರಮಾಣಪತ್ರಕ್ಕೆ ಕಾಗದ ಬೇಕು ಎನ್ನೋಣ. ಹಾಜರಿ ಕೂಗಲು ಯಾವ ಕಾಗದ ಬೇಕು? ಗ್ರಂಥಾಲಯದ ಕಾರ್ಡಿಗೆ, ಇಮೇಲ್ ವಿಳಾಸಕ್ಕೆ, ಹಾಸ್ಟೆಲಿನ ಬಾಗಿಲ ಮೇಲಿನ ಹೆಸರಿಗೆ? ಇವೆಲ್ಲ ಕುಲಸಚಿವರ ಒಂದು ಸುತ್ತೋಲೆಯಿಂದ ಆಗುವ ಕೆಲಸಗಳು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ 2015ರಲ್ಲಿ ಒಬ್ಬ ವಿದ್ಯಾರ್ಥಿಯ ಕೋರಿಕೆಯಂತೆ, ಗಂಡು ಹೆಣ್ಣು ಸೂಚಿಸದ ‘ಎಂಎಕ್ಸ್’ ಎಂಬ ಸಂಬೋಧನೆಯನ್ನು ಪ್ರಮಾಣಪತ್ರದ ಮೇಲೇ ಅಚ್ಚು ಹಾಕಿಕೊಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹಾಜರಿಯ ವಿಷಯದಲ್ಲಿ ಕನ್ನಡದ ಮೇಷ್ಟರಿಗಂತೂ ನೆಪವೇ ಇಲ್ಲ. ಹಿಂದಿಯಲ್ಲಿ ‘ನಾನು ಬರುತ್ತೇನೆ’ ಎನ್ನಲು ಬಾಯಿ ತೆರೆದರೆ ಕ್ರಿಯಾಪದವೇ ಗಂಡೋ ಹೆಣ್ಣೋ ಎಂದು ಸಾರಿಬಿಡುತ್ತದೆ. ಮರಾಠಿಯಲ್ಲೂ ಹಾಗೇ: ‘ಮೀ ಯೇತೋ’, ‘ಮೀ ಯೇತೇ’. ದಿಲ್ಲಿಗೋ ಪುಣೆಗೋ ಓದಲು ಹೋದ ಕನ್ನಡದ ಹುಡುಗ ಹುಡುಗಿಯರಿಗೆ ಇದು ಬರೀ ವ್ಯಾಕರಣದ ತೊಡಕು. ನಾನ್‌ಬೈನರಿ ವಿದ್ಯಾರ್ಥಿಗೆ ದಿನಕ್ಕೆ ನೂರು ಸಲ ಕೊಡಬೇಕಾದ ಹೇಳಿಕೆ. ಕನ್ನಡದ ‘ನಾನು ಬಂದೆ’ಯಲ್ಲಿ ಅಂಥ ಬೇಡಿಕೆಯಿಲ್ಲ. ಇನ್ನೊಬ್ಬರ ಬಗ್ಗೆ ಹೇಳುವಾಗ ‘ಬಂದನು’, ‘ಬಂದಳು’ಗಳ ಪಕ್ಕದಲ್ಲೇ ‘ಬಂದರು’ ಇದೆ, ಅದರೊಳಗೆ ಮರ್ಯಾದೆಯೂ ಇದೆ. ಅತ್ತೆಗೆ, ಗುರುಗಳಿಗೆ, ಬ್ಯಾಂಕ್ ಮ್ಯಾನೇಜರಿಗೆ ಸಲೀಸಾಗಿ ಹೊರಡುವ ‘ಅವರು’ ಇವರ ಪಾಲಿಗೆ ಬಂದಾಗ ಮಾತ್ರ ನಾಲಿಗೆ ತೊದಲುವುದೇಕೆ?

ಹಾಸ್ಟೆಲಿನ ಪ್ರಶ್ನೆ ಇಷ್ಟು ಸುಲಭವಲ್ಲ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2018ರಲ್ಲಿ ಎಲ್ಲ ಲಿಂಗತ್ವದವರಿಗೂ ತೆರೆದ ಹಾಸ್ಟೆಲ್ ಜಾಗ ಮಾಡಿತು, ಅದೂ ವಿದ್ಯಾರ್ಥಿಗಳು ಪಟ್ಟುಹಿಡಿದು ಕೇಳಿದ ಮೇಲೆ. ನಲ್ಸಾರ್ 2022ರಲ್ಲಿ ಹಾಸ್ಟೆಲೊಂದರ ನೆಲಮಹಡಿಯನ್ನು ಇದಕ್ಕೆಂದು ಬಿಟ್ಟುಕೊಟ್ಟಿತು. ಎರಡೂ ಕಡೆ ಹೊಸ ಕಟ್ಟಡ ಏಳಲಿಲ್ಲ. ಇದ್ದ ಕೋಣೆಗಳನ್ನೇ ಬೇರೆ ರೀತಿ ಹಂಚಲಾಯಿತು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಮೊದಲ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿ ಧನಂಜಯ ಚೌಹಾಣ್ ಒಂದು ಶೌಚಾಲಯಕ್ಕಾಗಿ ಹೋರಾಡಬೇಕಾಯಿತು ಎಂಬುದನ್ನು ನೆನೆದರೆ, ಒಂದು ಮಹಡಿ ಸಣ್ಣ ಮಾತಲ್ಲ.

ಇದರ ವಿರುದ್ಧ ಹೇಳುವ ಮಾತುಗಳಲ್ಲಿ ಒಂದಕ್ಕೆ ತೂಕವಿದೆ: ಹುಡುಗಿಯರ ಹಾಸ್ಟೆಲಿನ ಸುರಕ್ಷತೆ. ಮಗಳನ್ನು ಊರು ಬಿಟ್ಟು ಓದಲು ಕಳಿಸಿದ ತಾಯಿಯ ಆತಂಕವನ್ನು ಗೇಲಿ ಮಾಡುವುದು ತಪ್ಪು. ಆದರೆ ಆ ತಾಯಿಗೆ ಬೇಕಾದದ್ದು ಏನು? ಚಿಲಕ ಸರಿಯಿರುವ ಬಾಗಿಲು, ರಾತ್ರಿ ಕರೆದರೆ ಬರುವ ವಾರ್ಡನ್, ದೂರು ಕೊಟ್ಟರೆ ಕ್ರಮ. ಗಂಡುಮಕ್ಕಳ ಹಾಸ್ಟೆಲಿಗೆ ದೂಡಲ್ಪಟ್ಟ ಟ್ರಾನ್ಸ್ ಹೆಣ್ಣುಮಗಳಿಗೂ ಬೇಕಾದದ್ದು ಇಷ್ಟೇ. ಅಲ್ಲಿ ಮಧ್ಯರಾತ್ರಿ ಬಾಗಿಲು ಬಡಿಯುವವರಿಂದ ಯಾರಿಗೆ ಅಪಾಯ ಎಂದು ಯಾವ ಆಡಳಿತ ಮಂಡಳಿಯೂ ಚರ್ಚಿಸಿದಂತೆ ಕಾಣುವುದಿಲ್ಲ. ಇಚ್ಛೆಯಿಂದ ಆರಿಸಿಕೊಂಡವರು ಮಾತ್ರ ಇರುವ ಒಂದು ಮಹಡಿ, ಅಥವಾ ಸ್ನಾನದ ಕೋಣೆ ಸೇರಿದ ನಾಲ್ಕು ಒಂಟಿ ಕೋಣೆ. ಇದರಿಂದ ಯಾರ ಮಗಳ ಸುರಕ್ಷತೆಯೂ ಕರಗುವುದಿಲ್ಲ. ‘ಪಾಲಕರು ಒಪ್ಪುವುದಿಲ್ಲ’ ಎನ್ನುವ ಆಡಳಿತಗಳು ಶುಲ್ಕ ಏರಿಸುವಾಗ ಪಾಲಕರನ್ನು ಕೇಳಿದ್ದುಂಟೇ?

ಹೀಗೆಂದ ಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕು. ಟಾಟಾ ಸಂಸ್ಥೆ, ನಲ್ಸಾರ್ ಎಂದು ಪದೇ ಪದೇ ಹೆಸರು ಹೇಳುವುದು ಹೋರಾಟಗಾರರಿಗೂ ಒಂದು ಚಟವಾಗಿದೆ. ಅವು ಕ್ಯಾಂಪಸ್ಸಿನಲ್ಲೇ ಉಳಿದು ಓದುವ, ಇಂಗ್ಲಿಷ್ ಬಲ್ಲವರ ಸಂಸ್ಥೆಗಳು. ತಾಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಹಾಸ್ಟೆಲೇ ಇಲ್ಲದಿರಬಹುದು. ಅಲ್ಲಿನ ವಿದ್ಯಾರ್ಥಿಗೆ ದೊಡ್ಡ ಪ್ರಶ್ನೆ, ಮನೆಯಿಂದ ಹೊರಹಾಕಿದ ದಿನ ಪರೀಕ್ಷಾ ಶುಲ್ಕ ಕಟ್ಟುವವರು ಯಾರು ಎಂಬುದು. 2011ರ ಜನಗಣತಿಯಲ್ಲಿ ‘ಇತರೆ’ ಎಂದು ದಾಖಲಾದ 4.88 ಲಕ್ಷ ಜನರಲ್ಲಿ ಸಾಕ್ಷರತೆ ಶೇ. 56, ದೇಶದ ಸರಾಸರಿ ಶೇ. 74. ವಿಶ್ವವಿದ್ಯಾಲಯದ ಗೇಟಿನವರೆಗೆ ಬಂದವರೇ ಕಡಿಮೆ ಎಂದ ಮೇಲೆ, ಬಂದವರನ್ನು ಉಳಿಸಿಕೊಳ್ಳಲು ಹಣ ಬೇಕು.

ಈ ವಿಷಯದಲ್ಲಿ ಸರ್ಕಾರಗಳ ಔದಾರ್ಯ ವಿಚಿತ್ರವಾದದ್ದು. ಇಗ್ನೋ 2017ರಲ್ಲಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ಶುಲ್ಕ ಮನ್ನಾ ಮಾಡಿತು. ಒಳ್ಳೆಯದೇ, ಎಷ್ಟೋ ಜನಕ್ಕೆ ಅದೇ ಆಸರೆ. ಆದರೆ ಅದು ದೂರಶಿಕ್ಷಣ. ದೂರದಲ್ಲೇ ಇರುವುದಾದರೆ ಬಿಟ್ಟಿ, ತರಗತಿಯಲ್ಲಿ ಪಕ್ಕ ಕೂರುವುದಾದರೆ ಕಾಗದ ತನ್ನಿ! 2022ರಲ್ಲಿ ಶುರುವಾದ ಕೇಂದ್ರದ ‘ಸ್ಮೈಲ್’ ಯೋಜನೆಯ ವಿದ್ಯಾರ್ಥಿವೇತನ ವರ್ಷಕ್ಕೆ 13,500 ರೂಪಾಯಿ. ಪುಣೆಯಲ್ಲೋ ಚೆನ್ನೈಯಲ್ಲೋ ಅದು ಎಷ್ಟು ತಿಂಗಳ ಪಿಜಿ ಬಾಡಿಗೆ ಎಂದು ಅಲ್ಲಿರುವ ಓದುಗರೇ ಲೆಕ್ಕ ಹಾಕಿಕೊಳ್ಳಲಿ. ಕೇರಳ 2018ರಲ್ಲಿ ವಿಶ್ವವಿದ್ಯಾಲಯಗಳಲ್ಲೂ ಅವುಗಳಿಗೆ ಸೇರಿದ ಕಲಾ, ವಿಜ್ಞಾನ ಕಾಲೇಜುಗಳಲ್ಲೂ ಪ್ರತಿ ಕೋರ್ಸಿಗೆ ಎರಡು ಹೆಚ್ಚುವರಿ ಸೀಟು ಕೊಟ್ಟಿತು. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಸಮತಲ ಮೀಸಲಾತಿ ತಂದು ದೇಶಕ್ಕೇ ಮೊದಲೆನಿಸಿತು. ಆದರೆ ಆ ನೌಕರಿಗೆ ಬೇಕಾದ ಪದವಿಯನ್ನು ಎಲ್ಲಿ ಕೂತು ಓದಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಶೇ. 0.5ರ ಮೀಸಲಾತಿ ಕೊಡಿ ಎಂದಾಗ, ಸಂಸ್ಥೆ ಮೇಲ್ಮನವಿ ಹೋಯಿತು. ಮೇಲ್ಮನವಿ ಅದರ ಹಕ್ಕು, ನಿಜ. ನಾಲ್ಸಾ ತೀರ್ಪನ್ನು ಪಾಠವಾಗಿ ಹೇಳಿಕೊಡುವ ಕಾನೂನು ಶಾಲೆಯನ್ನು, ಅದೇ ತೀರ್ಪು ಬಂದ ಹತ್ತು ವರ್ಷದ ಮೇಲೆ, ಒಬ್ಬ ವಿದ್ಯಾರ್ಥಿ ಕೋರ್ಟಿಗೆ ಎಳೆಯಬೇಕಾಗಿ ಬಂದದ್ದೂ ನಿಜ.

ಮೀಸಲಾತಿ ‘ಸಮತಲ’ವಾಗಿರಬೇಕು ಎಂಬ ಪದವನ್ನು ಹಗುರವಾಗಿ ದಾಟುವಂತಿಲ್ಲ. ತಮಿಳುನಾಡಿನಲ್ಲಿ 2014ರಲ್ಲಿ ಎಂಜಿನಿಯರಿಂಗ್ ಕಾಲೇಜು ಸೇರಿದ ಮೊದಲ ಟ್ರಾನ್ಸ್ ವ್ಯಕ್ತಿ ಗ್ರೇಸ್ ಬಾನು ದಲಿತರು. ಟ್ರಾನ್ಸ್ ಜನರನ್ನೆಲ್ಲ ಒಂದೇ ಹಿಂದುಳಿದ ವರ್ಗದ ಪಟ್ಟಿಗೆ ಹಾಕಿದರೆ, ದಲಿತ ಟ್ರಾನ್ಸ್ ವಿದ್ಯಾರ್ಥಿ ಜಾತಿಯ ಹಕ್ಕನ್ನು ಬಿಡಬೇಕು, ಇಲ್ಲವೇ ಲಿಂಗತ್ವದ ಹಕ್ಕನ್ನು ಬಿಡಬೇಕು. ಎರಡು ಹೊರೆ ಹೊತ್ತವರಿಗೆ ಒಂದರ ಪರಿಹಾರ ಸಾಕೆನ್ನುವ ಈ ಲೆಕ್ಕದ ವಿರುದ್ಧವೇ ಅವರ ಇಷ್ಟು ವರ್ಷಗಳ ಹೋರಾಟ.

ಮೇಷ್ಟರುಗಳನ್ನು ಪೂರಾ ದೂರುವುದೂ ಕಷ್ಟ. ಅವರಿಗೆ ಹೇಳಿಕೊಟ್ಟವರಿಲ್ಲ. ಶಾಲಾ ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ 2021ರಲ್ಲಿ ಒಂದು ಕೈಪಿಡಿ ತಂದಿತ್ತು. ಗದ್ದಲವೆದ್ದ ಕೂಡಲೇ ಅದು ಜಾಲತಾಣದಿಂದ ಮಾಯವಾಯಿತು. ‘ನಾನು ಅವನಲ್ಲ... ಅವಳು’ ಚಿತ್ರದ ಪಾತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದಾಗ ಹೆಮ್ಮೆಪಟ್ಟ ಕನ್ನಡಿಗರು, ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಆ ವಿಡಿಯೊವನ್ನು ಮನೆಮಂದಿಗೆಲ್ಲ ಕಳಿಸಿದ ಕನ್ನಡಿಗರು ಎಷ್ಟೋ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಕೂತಿದ್ದಾರೆ. ವೇದಿಕೆಯ ಮೇಲಿನವರಿಗೆ ಚಪ್ಪಾಳೆ ತಟ್ಟುವುದಕ್ಕೆ ಖರ್ಚಿಲ್ಲ. ಮೊದಲ ವರ್ಷದ ಬಿ.ಕಾಂ.ನ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಚಪ್ಪಾಳೆಯ ಅಗತ್ಯವೂ ಇಲ್ಲ.

ಪ್ರವೇಶಾತಿಯ ತಿಂಗಳಲ್ಲಿ ಮಗಳನ್ನೋ ಮಗನನ್ನೋ ಕರೆದುಕೊಂಡು ಕಾಲೇಜಿನ ಕಚೇರಿಗೆ ಹೋಗುವ ತಂದೆ ತಾಯಿ ಮೆಸ್ಸಿನ ಬಿಲ್ಲು ಎಷ್ಟು, ಬಿಸಿನೀರು ಬರುತ್ತದೆಯೇ, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದೆಲ್ಲ ಕೇಳುತ್ತಾರೆ. ಅದರ ಜೊತೆಗೆ ಇನ್ನೊಂದನ್ನೂ ಕೇಳಬಹುದು: 2019ರ ಕಾಯ್ದೆಯಡಿ ಇಲ್ಲಿನ ದೂರು ಅಧಿಕಾರಿ ಯಾರು, ಅವರ ಕೋಣೆ ಯಾವುದು? ಕೌಂಟರಿನ ಆಚೆ ಕೂತವರು ‘ಅಂಥ ವಿದ್ಯಾರ್ಥಿಗಳು ನಮ್ಮಲ್ಲಿ ಇಲ್ಲ’ ಎಂದರೆ, ಕೇಳಿದ್ದು ವಿದ್ಯಾರ್ಥಿಯ ಹೆಸರನ್ನಲ್ಲ, ಅಧಿಕಾರಿಯ ಹೆಸರನ್ನು ಎಂದು ಇನ್ನೊಮ್ಮೆ ಹೇಳಬೇಕು.