ಮನೆವಾರ್ತೆಯ ಯಂತ್ರಗಳು: ಸಡಿಲವಾದ ಕೈಬ್ರೇಕು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಕಡೆಯ ಕಾಫಿ ತೋಟದ ಮನೆಗಳನ್ನು ನೋಡಿದವರಿಗೆ ಅಲ್ಲಿನ ಅಂಗಳಗಳ ರೀತಿ ಗೊತ್ತಿರುವುದು. ಮನೆ ದಿಣ್ಣೆಯ ಮೇಲೆ; ಅದರ ಮುಂದೆ ಗಾಡಿ ನಿಲ್ಲುವ ಸ್ಥಳ; ಅಲ್ಲಿಂದ ಇಳಿಜಾರು; ಇಳಿಜಾರಿನ ಕೊನೆಗೆ ಹಣ್ಣು ಒಣಗಿಸುವ ಕಣ. ಕಳೆದ ಕೊಯ್ಲಿನ ಕಾಲದಲ್ಲಿ ನಾವು ಅಂಥ ಒಂದು ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದೆವು. ಒಂದು ಸಂಜೆ, ಕೈಬ್ರೇಕು ಎಳೆದು ನಿಲ್ಲಿಸಿದ್ದ ಅವರ ಹಳೆಯ ಸಣ್ಣ ಕಾರು ಯಾರ ಕೈಯೂ ಸೋಕದೆ ತಾನಾಗಿಯೇ ಹಿಂದಕ್ಕೆ ಸರಿಯಲಾರಂಭಿಸಿತು. ಕೆಲವು ಮಾರು ಹೋಗಿ, ಕಣದ ಅಂಚಿನಲ್ಲಿ ಪೇರಿಸಿದ್ದ ಮೂಟೆಗಳಿಗೆ ತಗುಲಿ ನಿಂತಿತು. ಆ ಮೂಟೆಗಳ ಮರೆಯಲ್ಲಿ ಮನೆಯ ಐದು ವರ್ಷದ ಮಗು ಚೆಲ್ಲಿದ ಹಣ್ಣನ್ನು ಆಯುತ್ತ ಕುಳಿತಿದ್ದು, ಅಜ್ಜಿ ಕರೆದರೆಂದು ಆಗತಾನೆ ಎದ್ದು ಹೋಗಿದ್ದಿತು. ಕಾರಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಯಜಮಾನರು, "ಹೋದ ವರ್ಷವೂ ಹೀಗೆಯೇ ಸಡಿಲವಾಗಿತ್ತು, ದುರಸ್ತಿಯವರು ಒಂದು ನಟ್ಟು ತಿರುಗಿಸಿ ಕೊಟ್ಟರು. ಈಗ ನಾವೇ ಇನ್ನೆರಡು ಸುತ್ತು ತಿರುಗಿಸಿದರಾಯಿತು" ಎಂದರು. ಈ ಮಾತೇ ಈ ತಿಂಗಳ ಬರಹಕ್ಕೆ ಕಾರಣ. ಸನ್ನೆಗೋಲು ಸಡಿಲವಾಗುವುದು ಮೈಗೆ ಜ್ವರ ಬಂದಂತೆ. ನಟ್ಟು ಬಿಗಿದರೆ ಮೈ ತಣ್ಣಗಾದಂತೆ ತೋರಬಹುದು; ಒಳಗಿರುವುದು ಒಳಗೇ ಉಳಿದಿರುವುದು.

ಕೈಬ್ರೇಕಿನ ರಚನೆ ಬಹಳ ಸರಳವಾದುದು. ಕಾಲಿನ ಬ್ರೇಕು ಎಣ್ಣೆಯ ಒತ್ತಡದಿಂದ ಕೆಲಸ ಮಾಡಿದರೆ, ಕೈಬ್ರೇಕು ಉಕ್ಕಿನ ಎಳೆಗಳ ಕೇಬಲ್ಲಿನಿಂದ ಕೆಲಸ ಮಾಡುತ್ತದೆ. ಸನ್ನೆಗೋಲನ್ನು ಮೇಲಕ್ಕೆತ್ತಿದಾಗ ಕೇಬಲ್ಲು ಎಳೆಯಲ್ಪಟ್ಟು ಹಿಂದಿನ ಎರಡು ಗಾಲಿಗಳ ಒಳಗಿನ ಷೂಗಳನ್ನು ಅಗಲಿಸುವುದು. ಷೂಗಳು ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುವುವು. 1983ರಲ್ಲಿ ಬಂದ ಮಾರುತಿ 800 ಮೊದಲ್ಗೊಂಡು ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲಿನವು ಈ ಬಗೆಯವೇ. ಸನ್ನೆಗೋಲಿನ ಬುಡದಲ್ಲಿ ಹಲ್ಲುಗಳ ಒಂದು ಪಟ್ಟಿಯೂ ಅದಕ್ಕೆ ಕಚ್ಚುವ ಕೊಕ್ಕೆಯೂ ಇವೆ. ಎಳೆಯುವಾಗ ಕೇಳುವ 'ಟಿಕ್ ಟಿಕ್' ಸದ್ದು ಈ ಕೊಕ್ಕೆಯದು. ಈ ಸದ್ದನ್ನು ಎಣಿಸುವುದೇ ಪರೀಕ್ಷೆಯ ಮೊದಲ ಹೆಜ್ಜೆ.

ಸುಮಾರು 20 ಕಿಲೋಗ್ರಾಮ್ ತೂಕವನ್ನು ಎತ್ತುವಷ್ಟು ಬಲದಿಂದ, ಅಂದರೆ ತುಂಬಿದ ದೊಡ್ಡ ಬಿಂದಿಗೆಯನ್ನು ಎತ್ತುವಂತೆ, ಸನ್ನೆಗೋಲನ್ನು ನಿಧಾನವಾಗಿ ಎಳೆಯಿರಿ. ಬಹಳ ಕಾರುಗಳಲ್ಲಿ 4ರಿಂದ 9 ಸದ್ದಿನೊಳಗೆ ಅದು ಬಿಗಿದು ನಿಲ್ಲಬೇಕು. ನಿಮ್ಮ ಕಾರಿನ ಸರಿಯಾದ ಲೆಕ್ಕ ಅದರೊಡನೆ ಬಂದ ಪುಸ್ತಕದಲ್ಲಿ ಇರುವುದು. ಎಣಿಕೆ ಅದನ್ನು ಮೀರಿದರೆ ಎಲ್ಲಿಯೋ ಸಡಿಲವುಂಟು. ನಮ್ಮ ನೆಂಟರ ಕಾರಿನಲ್ಲಿ ನಾವು ಹದಿಮೂರರವರೆಗೆ ಎಣಿಸಿದೆವು. ಆಮೇಲೆ ಎಣಿಸಲು ಹಲ್ಲೇ ಉಳಿದಿರಲಿಲ್ಲ.

ಸಡಿಲಕ್ಕೆ ಕಾರಣಗಳು ಹಲವು. ಕೇಬಲ್ಲು ವರ್ಷಗಳು ಕಳೆದಂತೆ ಸ್ವಲ್ಪ ಉದ್ದವಾಗುವುದುಂಟು. ಇದೊಂದಕ್ಕೆ ಮಾತ್ರ ನಟ್ಟು ನಿಜವಾದ ಮದ್ದು. ಷೂಗಳ ಲೈನಿಂಗು ಸವೆದಿರಬಹುದು. ಸವೆತಕ್ಕೆ ತಕ್ಕಂತೆ ಷೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತರುವ ಅಡ್ಜಸ್ಟರು ತುಕ್ಕು ಹಿಡಿದು ಕೂತಿರಬಹುದು. ಮಲೆನಾಡಿನ ಮಳೆಯಲ್ಲಿ, ಕೆಸರಿನ ದಾರಿಯಲ್ಲಿ ಓಡಾಡುವ ಗಾಡಿಗಳಿಗೆ ಇದು ಬಹು ಸಾಮಾನ್ಯವಾದ ಕಾಯಿಲೆ. ಇನ್ನೂ ಕೆಟ್ಟದ್ದೆಂದರೆ ಗಾಲಿಯೊಳಗಿನ ಸಿಲಿಂಡರಿನಿಂದ ಬ್ರೇಕಿನ ಎಣ್ಣೆ ಜಿನುಗಿ ಲೈನಿಂಗನ್ನು ನೆನೆಸಿರುವುದು. ಆಗ ಸನ್ನೆಗೋಲು ಬಿಗಿಯಾಗಿಯೇ ಇದ್ದರೂ ಗಾಲಿ ಜಾರುವುದು. ಸನ್ನೆಗೋಲನ್ನು ಪೂರ್ತಿ ಇಳಿಸಿದ ಮೇಲೂ ಮುಂದಿನ ಫಲಕದಲ್ಲಿ ಬ್ರೇಕಿನ ಕೆಂಪು ದೀಪ ಉರಿಯುತ್ತಿದ್ದರೆ, ದೀಪ ಕೆಟ್ಟಿದೆಯೆಂದು ಸುಮ್ಮನಾಗಬೇಡಿ. ಬಹಳ ಗಾಡಿಗಳಲ್ಲಿ ಎಣ್ಣೆ ಕಡಿಮೆಯಾದರೂ ಅದೇ ದೀಪವೇ ಹತ್ತುವುದು.

ಈಗ ಕೆಲಸಕ್ಕೆ ಬರೋಣ. ಸಮತಟ್ಟಾದ ಗಟ್ಟಿ ನೆಲ ಬೇಕು; ನೆಂಟರ ಮನೆಯಲ್ಲಿ ಅದು ಕಣವೊಂದೇ ಆದ್ದರಿಂದ ಅರ್ಧ ಕಣದ ಹಣ್ಣನ್ನು ಗುಡಿಸಿ ಬದಿಗೊತ್ತಬೇಕಾಯಿತು. ಮುಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಮರದ ಬೆಣೆ ಕೊಡಿ. ಮುಂಗಾಲಿಗಳನ್ನು ಎಂಜಿನು ತಿರುಗಿಸುವ ಕಾರಾದರೆ ಮೊದಲನೆಯ ಗೇರಿನಲ್ಲಿ ಬಿಡಿ. ಹಿಂಭಾಗವನ್ನು ಜಾಕಿನಿಂದ ಎತ್ತಿ ಎರಡು ಕಡೆಯೂ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸತಕ್ಕದ್ದು. ಸ್ಟ್ಯಾಂಡಿಲ್ಲದವರು ಇಟ್ಟಿಗೆ ಜೋಡಿಸಿ ಈ ಕೆಲಸಕ್ಕೆ ಕೈ ಹಾಕಲೇಬಾರದು; ಭಾರ ಬಿದ್ದಾಗ ಇಟ್ಟಿಗೆ ಒಡೆಯುವುದಕ್ಕೆ ಮುನ್ಸೂಚನೆ ಇರುವುದಿಲ್ಲ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆಯಿಡುವುದೂ ಅಷ್ಟೇ ಅವಿವೇಕ. ಮಕ್ಕಳನ್ನು ದೂರ ಕಳುಹಿಸಿ.

ಸನ್ನೆಗೋಲನ್ನು ಇಳಿಸಿ, ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ ಬಿಡಿ. ಅಡ್ಜಸ್ಟರಿಗೆ ತಾನೇ ಸರಿಪಡಿಸಿಕೊಳ್ಳುವ ಅವಕಾಶ ಕೊಟ್ಟಂತಾಗುವುದು. ಮತ್ತೆ ಎಣಿಸಿರಿ. ಎಣಿಕೆ ಇಳಿದಿದ್ದರೆ ಕೇಬಲ್ಲಿನಲ್ಲಿ ದೋಷವಿಲ್ಲ. ಇಳಿಯದಿದ್ದರೆ ಒಂದೊಂದೇ ಸದ್ದಿಗೆ ಸನ್ನೆಗೋಲನ್ನು ಎತ್ತುತ್ತ, ಇನ್ನೊಬ್ಬರಿಂದ ಗಾಲಿಗಳನ್ನು ಕೈಯಿಂದ ತಿರುಗಿಸಿ ನೋಡಿಸಿ. ಎರಡು ಗಾಲಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಬಿಗಿಯಾಗಬೇಕು. ಒಂದು ಬಿಗಿದು ಇನ್ನೊಂದು ತಿರುಗುತ್ತಲೇ ಇದ್ದರೆ ದೋಷ ಆ ತಿರುಗುವ ಗಾಲಿಯಲ್ಲಿ ಅಥವಾ ಅದರ ಕೇಬಲ್ಲಿನಲ್ಲಿ ಇದೆ. ಅಲ್ಲಿಗೆ ಮನೆಯ ಕೆಲಸ ಮುಗಿಯಿತು; ಡ್ರಮ್ಮು ಬಿಚ್ಚುವುದನ್ನು ತಿಳಿದವರಿಗೆ ಬಿಡುವುದು ಲೇಸು. ಬಿಚ್ಚಿದಾಗ ಕಾಣುವ ಧೂಳನ್ನು ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಎರಡೂ ಗಾಲಿಗಳು ಸಮನಾಗಿದ್ದು, ಷೂಗಳೂ ಚೆನ್ನಾಗಿವೆಯೆಂದು ಖಚಿತವಾದ ಮೇಲೆ ನಟ್ಟಿನ ಸರದಿ. ಕೆಲವು ಕಾರುಗಳಲ್ಲಿ ಅದು ಸನ್ನೆಗೋಲಿನ ಬುಡದ ಮುಚ್ಚಳದ ಕೆಳಗೆ ಇರುವುದು. ಕೆಲವದರಲ್ಲಿ ಗಾಡಿಯ ಹೊಟ್ಟೆಯಡಿ, ಎರಡು ಕೇಬಲ್ಲುಗಳು ಕೂಡುವ ಸಣ್ಣ ಅಡ್ಡಪಟ್ಟಿಯ ಹತ್ತಿರ. ಸಾಮಾನ್ಯವಾಗಿ 10 ಅಥವಾ 12 ಮಿಲಿಮೀಟರಿನ ಸ್ಪಾನರು ಸಾಕು. ಬಿಗಿಹಿಡಿಯುವ ಎರಡನೆಯ ನಟ್ಟಿದ್ದರೆ ಅದನ್ನು ಮೊದಲು ಸಡಿಲಿಸಿ. ಅರ್ಧರ್ಧ ಸುತ್ತು ಬಿಗಿಯುತ್ತ, ಪ್ರತಿ ಸಲವೂ ಎಣಿಸಿರಿ. ಅವಸರ ಪಡುವ ಗಂಡಸರಿಗಿಂತ ಈ ಕೆಲಸಕ್ಕೆ ಹೊಲಿಗೆ ಬಲ್ಲ ಹೆಂಗಸರ ಕೈ ಮೇಲೆಂದು ನನ್ನ ಅಭಿಪ್ರಾಯ. ಲೆಕ್ಕ ಸರಿಹೋದ ಕೂಡಲೆ ಸನ್ನೆಗೋಲನ್ನು ಪೂರ್ತಿ ಇಳಿಸಿ ಗಾಲಿ ತಿರುಗಿಸಿರಿ. ಅದು ತಡೆಯಿಲ್ಲದೆ ಸುತ್ತಬೇಕು. ಉಜ್ಜುವ ಸದ್ದು ಬಂದರೆ ಬಿಗಿ ಹೆಚ್ಚಾಯಿತೆಂದು ತಿಳಿದು ಹಿಂದಕ್ಕೆ ತಿರುಗಿಸಿ. ಉಜ್ಜುತ್ತಲೇ ಓಡಿದರೆ ಡ್ರಮ್ಮು ಕಾದು, ಲೈನಿಂಗು ಸುಟ್ಟು, ಪೆಟ್ರೋಲು ವೃಥಾ ವ್ಯಯವಾಗುವುದು.

ತೋಟಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳ ವಿಷಯ ಬೇರೆ. ಅವುಗಳ ಕೈಬ್ರೇಕು ಗಾಲಿಯನ್ನು ಹಿಡಿಯದೆ, ಹಿಂದಕ್ಕೆ ಶಕ್ತಿ ಸಾಗಿಸುವ ದಂಡವನ್ನು ಹಿಡಿಯುವುದು. ಒಂದು ಹಿಂಗಾಲಿಯನ್ನು ಜಾಕಿನಿಂದ ಎತ್ತಿದೊಡನೆ, ಎತ್ತಿದ ಗಾಲಿ ಒಂದು ಕಡೆಗೂ ನೆಲದ ಗಾಲಿ ಇನ್ನೊಂದು ಕಡೆಗೂ ತಿರುಗಬಲ್ಲವಾದ್ದರಿಂದ, ಕೈಬ್ರೇಕು ಎಷ್ಟೇ ಬಿಗಿಯಿದ್ದರೂ ಜೀಪು ಜಾಕಿನಿಂದ ಉರುಳಬಹುದು. ಇದು ತಿಳಿಯದೆ ಗಾಲಿ ಬದಲಾಯಿಸುವವರೇ ಹೆಚ್ಚು. ಇದಕ್ಕೆ ಬೆಣೆಯೊಂದೇ ಉಪಾಯ. ಹಿಂದೆ ಎತ್ತಿನ ಗಾಡಿಯವರು ದಿಣ್ಣೆಯಲ್ಲಿ ನಿಂತೊಡನೆ ಗಾಲಿಗೆ ಕಲ್ಲು ಕೊಡುತ್ತಿದ್ದರು. ಮೋಟಾರು ಬಂದ ಮೇಲೆ ನಾವು ಬಿಟ್ಟೆವು.

ಮಳೆಗಾಲದಲ್ಲಿ ಕೈಬ್ರೇಕು ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಷೂಗಳು ಡ್ರಮ್ಮಿಗೆ ಅಂಟಿಕೊಳ್ಳುವುದುಂಟು. ಕೊಟ್ಟಿಗೆಯ ಸಮನೆಲದಲ್ಲಾದರೆ ಗೇರಿನಲ್ಲಿಟ್ಟು, ಬೆಣೆ ಕೊಟ್ಟು, ಸನ್ನೆಗೋಲನ್ನು ಇಳಿಸಿ ಬಿಡಬಹುದು. ಇಳಿಜಾರಿನಲ್ಲಿ ಇದು ಸಲ್ಲದು. ಸಾರ್ವಜನಿಕ ಸ್ಥಳದಲ್ಲಿ, ಚಾಲಕನಿಲ್ಲದ ಗಾಡಿ ತಾನಾಗಿ ಚಲಿಸದಂತೆ ಎಂಜಿನು ನಿಲ್ಲಿಸಿ ಬ್ರೇಕು ಹಾಕಿರಬೇಕೆಂದು 1988ರ ಮೋಟಾರು ವಾಹನಗಳ ಕಾಯಿದೆಯ 126ನೆಯ ಪ್ರಕರಣವೂ ವಿಧಿಸುತ್ತದೆ. ಸನ್ನೆಗೋಲಿನ ಬದಲು ಗುಂಡಿ ಒತ್ತುವ ಹೊಸ ಕಾರುಗಳಲ್ಲಿ ವಿದ್ಯುತ್ ಮೋಟಾರು ಬ್ರೇಕನ್ನು ಬಿಗಿಯುವುದು. ಅದಕ್ಕೆ ಮನೆಯಲ್ಲಿ ಕೈಹಚ್ಚಬೇಡಿ.

ನೆಂಟರ ಕಾರಿನಲ್ಲಿ ಎಡಗಾಲಿ ಬಿಗಿಯಿತು. ಬಲಗಾಲಿ ಹದಿಮೂರನೆಯ ಹಲ್ಲಿನಲ್ಲಿಯೂ ನಿರಾತಂಕವಾಗಿ ತಿರುಗಿತು. ಬೇಲೂರಿನಲ್ಲಿ ಡ್ರಮ್ಮು ಬಿಚ್ಚಿಸಿದಾಗ ಅಡ್ಜಸ್ಟರು ತುಕ್ಕಿನಿಂದ ಕಲ್ಲಾಗಿದ್ದಿತು. ಹೋದ ವರ್ಷ ಬಿಗಿದ ನಟ್ಟು ಅಷ್ಟು ದಿನವೂ ಒಂದೇ ಗಾಲಿಯ ಮೇಲೆ ಕಾರನ್ನು ನಿಲ್ಲಿಸಿತ್ತು. ಎರಡೂ ಕಡೆ ಹೊಸ ಷೂ ಹಾಕಿಸಿ, ಅಡ್ಜಸ್ಟರು ಬದಲಾಯಿಸಿದ ಮೇಲೆ ಆ ನಟ್ಟನ್ನು ಬಿಗಿಯುವುದಿರಲಿ, ಬಹಳಷ್ಟು ಸಡಿಲಿಸಬೇಕಾಯಿತು. ಸನ್ನೆಗೋಲು ಆರನೆಯ ಸದ್ದಿಗೆ ನಿಂತಿತು. ಹೊಸ ಲೈನಿಂಗು ಕೂರುವವರೆಗೆ ಲೆಕ್ಕ ತುಸು ಬದಲಾಗುವುದರಿಂದ, ಕೆಲವು ನೂರು ಕಿಲೋಮೀಟರು ಓಡಿಸಿ ಮತ್ತೊಮ್ಮೆ ಎಣಿಸಬೇಕೆಂದು ಹೇಳಿ ಬಂದೆವು. ಸಂಕ್ರಾಂತಿಯ ದಿನ ಫೋನಿನಲ್ಲಿ ಮಾತನಾಡಿದಾಗ, ಏಳಾಗಿದೆಯೆಂದು ತಿಳಿಸಿದರು.